ಮ್ಯಾಂಗೋಸ್ಟೀನ್: ಒಣಗಿಸಿದರೆ ಸಾಯುವ ಬೀಜ

ನಮ್ಮ ಕಡೆ ಬೀಜ ಎತ್ತಿಡುವುದೆಂದರೆ ಒಣಗಿಸುವುದು. ಸೌತೆ, ಬೆಂಡೆ, ಅಲಸಂಡೆ ಯಾವುದೇ ಇರಲಿ, ಬಿಸಿಲಿಗೆ ಹರಡಿ, ಬೇಕಿದ್ದರೆ ಬೂದಿ ಬೆರೆಸಿ, ಮುಂದಿನ ಹಂಗಾಮಿಗೆ ಕಟ್ಟಿಡುತ್ತಾರೆ. ಮಳೆಗಾಲದಲ್ಲಿ ಪೇಟೆಗೆ ಬರುವ ಮ್ಯಾಂಗೋಸ್ಟೀನ್ ತಿಂದು ಅದರ ಬೀಜಕ್ಕೂ ಇದೇ ಉಪಚಾರ ಮಾಡಿದರೆ ಒಂದು ಮೊಳಕೆಯೂ ಬರುವುದಿಲ್ಲ. ಹಣ್ಣಿನಿಂದ ಹೊರತೆಗೆದ ಈ ಬೀಜ ಒಣಗಲು ಬಿಟ್ಟರೆ ಸುಮಾರು 5 ದಿನಕ್ಕೆ ಸಾಯುತ್ತದೆ. ಹಣ್ಣಿನೊಳಗೇ ಉಳಿದರೆ 3ರಿಂದ 5 ವಾರ ಜೀವ ಹಿಡಿದಿರುತ್ತದೆ.

ರಾಬರ್ಟ್ಸ್ ಎಂಬ ಬ್ರಿಟಿಷ್ ವಿಜ್ಞಾನಿ 1973ರಲ್ಲಿ ಬೀಜಗಳನ್ನು ಎರಡು ಬಣ ಮಾಡಿದರು. ಭತ್ತ, ರಾಗಿಯಂಥವು ಒಣಗಿದಷ್ಟೂ ಹೆಚ್ಚು ಕಾಲ ಬಾಳುತ್ತವೆ. ಹಲಸು, ಮಾವು, ಕೋಕೋ, ರಬ್ಬರ್ ಎರಡನೆಯ ಬಣದವು. ಇವುಗಳ ಜೀವಕೋಶಗಳಿಗೆ ನೀರು ಕಳೆದುಕೊಂಡು ನಿದ್ರಿಸುವ ಶಕ್ತಿ ಇಲ್ಲ. ಮ್ಯಾಂಗೋಸ್ಟೀನ್ ಸೇರಿರುವುದು ಈ ಗುಂಪಿಗೆ. ಅದರ ತವರಾದ ಆಗ್ನೇಯ ಏಷ್ಯಾದ ಮಳೆಕಾಡಿನಲ್ಲಿ ವರ್ಷವಿಡೀ ತೇವ ಇರುತ್ತದೆ. ಕೆಳಗೆ ಬಿದ್ದ ಬೀಜ ಮಳೆಗಾಗಿ ಕಾಯಬೇಕಿಲ್ಲ, ಕೂಡಲೇ ಮೊಳೆಯಬೇಕು. ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ ಜಗತ್ತಿನ ಬೆಳೆಗಳ ಬೀಜಗಳನ್ನು ಒಣಗಿಸಿ ಹಿಮದ ನಾಡಿನಲ್ಲಿ ಕಾದಿಟ್ಟಿದ್ದಾರಲ್ಲ, ಅಲ್ಲಿ ಇಂಥ ಬೀಜಗಳಿಗೆ ಜಾಗವಿಲ್ಲ. ಇವು ಉಳಿಯಬೇಕಾದರೆ ಮರವಾಗಿ ತೋಟದಲ್ಲೇ ಉಳಿಯಬೇಕು.

ಇದಕ್ಕಿಂತ ಅಚ್ಚರಿಯದು ಬೀಜ ಹುಟ್ಟುವ ಬಗೆ. ಮ್ಯಾಂಗೋಸ್ಟೀನ್ ಹೂವಿನಲ್ಲಿ ಕೇಸರಗಳು ಹೆಸರಿಗಷ್ಟೇ ಇವೆ, ಅವುಗಳಲ್ಲಿ ಕೆಲಸಕ್ಕೆ ಬರುವ ಪರಾಗ ಇಲ್ಲ. ತೋಟದಲ್ಲಿರುವ ಮರಗಳೆಲ್ಲ ಹೆಣ್ಣು. ಹಾಗಾದರೆ ಭ್ರೂಣ ಎಲ್ಲಿಂದ? ಅಂಡಕದ ಗೋಡೆಯ ಜೀವಕೋಶಗಳೇ ಬೆಳೆದು ಭ್ರೂಣವಾಗುತ್ತವೆ. ತಂದೆಯ ಪಾಲು ಏನೂ ಇಲ್ಲ. ಹೆಚ್ಚಿನ ಮಾವಿನ ತಳಿಗಳ ಗೊರಟು ನೆಟ್ಟರೆ ಎಂಥ ಹಣ್ಣು ಬಂದೀತೆಂದು ಹೇಳಲಾಗದು, ಹಲಸಿನದೂ ಅದೇ ಕಥೆ. ಮ್ಯಾಂಗೋಸ್ಟೀನ್ ಸಸಿ ಮಾತ್ರ ಬಹುಮಟ್ಟಿಗೆ ತಾಯಿಯ ಪಡಿಯಚ್ಚು. ಒಳ್ಳೆಯ ಹಣ್ಣಿನ ಬೀಜ ಊರಿದವರಿಗೆ ಒಳ್ಳೆಯ ಹಣ್ಣೇ ಸಿಗುತ್ತದೆ.

ಇದೇ ಕುಟುಂಬದ ನಮ್ಮ ಮುರುಗಲನ್ನು ನೋಡಿ. ತುಳುನಾಡಿನಲ್ಲಿ ಅದು ಪುನರ್ಪುಳಿ. ಅದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಬೆಳೆಸಿ ವರ್ಷಗಟ್ಟಲೆ ನೀರು ಹಾಕಿದ ಮೇಲೆ ಅರ್ಧದಷ್ಟು ಗಿಡ ಗಂಡೆಂದು ತಿಳಿದು ರೈತ ಕೈಚೆಲ್ಲುತ್ತಾನೆ. ಮುರುಗಲಿಗೆ ಕಸಿ ಬೇಕಾಗುವುದು ಮುಖ್ಯವಾಗಿ ಈ ಕಾರಣಕ್ಕೆ. ಮ್ಯಾಂಗೋಸ್ಟೀನ್‌ಗೆ ಆ ಚಿಂತೆಯೇ ಇಲ್ಲ. ಕಸಿಗಿಡ ಬೇಗ ಫಲ ಕೊಡುತ್ತದೆ ನಿಜ, ಆದರೆ ನಿಧಾನವಾಗಿ ಬೆಳೆದು ಗಿಡ್ಡಗೇ ಉಳಿಯುತ್ತದೆ. ದೊಡ್ಡ ಮರ ಬೇಕೆನ್ನುವವರಿಗೆ ಬೀಜದ ಸಸಿಯೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಣ್ಣಿನ ತಳದಲ್ಲಿ ಹೂವಿನಾಕಾರದ ಗುರುತು ಇರುತ್ತದೆ. ಅದರ ಎಸಳುಗಳನ್ನು ಎಣಿಸಿದರೆ ಒಳಗಿನ ತೊಳೆಗಳ ಲೆಕ್ಕ ಸಿಗುತ್ತದೆ, ಸಾಮಾನ್ಯವಾಗಿ 4ರಿಂದ 8. ಬೀಜ ಇರುವುದು ದಪ್ಪ ತೊಳೆಯಲ್ಲಿ ಮಾತ್ರ. ಒಂದು ಗ್ರಾಂ ಅಥವಾ ಅದಕ್ಕೂ ಹೆಚ್ಚು ತೂಗುವ ಬೀಜವನ್ನೇ ಆರಿಸಿ, ಚಿಕ್ಕದರ ಸಸಿ ಬಡಕಲಾಗುತ್ತದೆ. ಫ್ರಿಜ್‌ನಲ್ಲಿಟ್ಟ ಹಣ್ಣಿನ ಬೀಜವನ್ನು ನಂಬಬೇಡಿ. ತಿರುಳು ಉಳಿದರೆ ಇರುವೆ, ಬೂಷ್ಟು ಎರಡೂ ಬರುತ್ತವೆ, ಆದ್ದರಿಂದ ಚೆನ್ನಾಗಿ ತೊಳೆದು ಅದೇ ದಿನ ಊರಿ. ಬೆರಳಿನ ಅರ್ಧ ಗೆಣ್ಣಿನಷ್ಟು ಆಳ ಸಾಕು.

ಮೂರು ವಾರದ ಹೊತ್ತಿಗೆ ಮೊಳಕೆ ಕಾಣುತ್ತದೆ, ಕೆಲವು ಆರು ವಾರ ತೆಗೆದುಕೊಳ್ಳುತ್ತವೆ. ಅವರೆಕಾಳಿನಲ್ಲಿ ಕಾಣುವ ಎರಡು ಬೇಳೆ ಇಲ್ಲಿ ಇಲ್ಲ. ಬೀಜದ ತುಂಬ ಇರುವುದು ಊದಿಕೊಂಡ ಎಳೆಕಾಂಡ. ಅದರ ಒಂದು ತುದಿಯಿಂದ ಬೇರು, ಇನ್ನೊಂದು ತುದಿಯಿಂದ ಚಿಗುರು ಹೊರಡುತ್ತದೆ. ಸ್ವಲ್ಪ ದಿನಕ್ಕೆ ಚಿಗುರಿನ ಬುಡದಲ್ಲಿ ಹೊಸ ಬೇರು ಮೂಡಿ ಅದೇ ತಾಯಿಬೇರಾಗುತ್ತದೆ, ಮೊದಲಿನದು ಒಣಗಿಹೋಗುತ್ತದೆ. ಈ ಹಂತದಲ್ಲಿ ಕುತೂಹಲದಿಂದ ಮಣ್ಣು ಕೆದಕಿದರೆ ಸಸಿ ಹೋಯಿತೆಂದೇ ಲೆಕ್ಕ.

ಬೇರೇ ಈ ಗಿಡದ ದೌರ್ಬಲ್ಯ. ನೀರು ಹೀರುವ ನವಿರಾದ ಬೇರುರೋಮ ಇದಕ್ಕಿಲ್ಲ, ಅಡ್ಡಬೇರುಗಳೂ ಕಡಿಮೆ. ಬುಡ ಒಣಗಿದರೆ ಸೊರಗುತ್ತದೆ, ನೀರು ನಿಂತರೆ ಕೊಳೆಯುತ್ತದೆ. ಅದಕ್ಕೇ ಒಂದಡಿಯಾದರೂ ಆಳದ ಚೀಲ ಬೇಕು. ಎರಡು ವರ್ಷಕ್ಕೆ ಗಿಡ ಬೆಳೆಯುವುದು ಒಂದಡಿಯ ಆಸುಪಾಸು, ಆಗ ಮಣ್ಣಿನೊಳಗಿನ ಬೇರು ಅದಕ್ಕಿಂತ ಉದ್ದವಿರಬಹುದು. ಎರಡಡಿ ದಾಟುವ ಮೊದಲೇ ಚೀಲದ ಮಣ್ಣು ಒಡೆಯದಂತೆ ತೋಟದ ಕಾಯಂ ಜಾಗಕ್ಕೆ ನೆಡಬೇಕು. ಮೊದಲ ಮೂರು ನಾಲ್ಕು ವರ್ಷ ನೆರಳು ತಪ್ಪಿಸುವಂತಿಲ್ಲ.

ಹಣ್ಣಿಗೆ 8ರಿಂದ 15 ವರ್ಷ ಬೇಕು. ನೀಲಗಿರಿ ತಪ್ಪಲಿನ ಕಲ್ಲಾರ್, ಬರ್ಲಿಯಾರ್ ಸರ್ಕಾರಿ ತೋಟಗಳಲ್ಲೂ ಕೇರಳದ ಚಾಲಕುಡಿ ಹೊಳೆಯ ಬದಿಯ ಪರಿಯಾರಂನಲ್ಲೂ ಹಳೆಯ ಮರಗಳು ಇಂದಿಗೂ ಕಾಯಿ ಬಿಡುತ್ತಿವೆ. ಬಯಲುಸೀಮೆಯ ಒಣಹವೆಗೆ ಇದು ಒಗ್ಗುವುದಿಲ್ಲ, ಅಲ್ಲಿಯವರು ಆಸೆಪಟ್ಟು ಕಷ್ಟಪಡುವುದು ಬೇಡ. ಆದರೆ ಕರಾವಳಿಯಲ್ಲಿ, ಮಲೆನಾಡಿನ ತಗ್ಗಿನಲ್ಲಿ ಅಡಿಕೆ ತೋಟ ಉಳ್ಳವರಿಗೆ ಬೇಕಾದ ನೆರಳು, ತೇವ ಎರಡೂ ಮನೆಯ ಹಿತ್ತಲಲ್ಲೇ ಇವೆ. ಈ ಸಲ ಹಣ್ಣು ತಿಂದರೆ ಬೀಜವನ್ನು ಕಸಕ್ಕೆ ಎಸೆಯಬೇಡಿ, ಜಗಲಿಯಲ್ಲಿ ಒಣಗಿಸಲೂ ಬೇಡಿ. ಅಂದೇ ಮಣ್ಣಿಗೆ ಹಾಕಿ.