ಹೊಸ ಟೈರು, ಹಳದಿ ಲಾಳ

ನಾಲ್ಕೂ ಹೊಸ ಟೈರು ಹಾಕಿಸಿ, ಅಲೈನ್‌ಮೆಂಟು, ಬ್ಯಾಲೆನ್ಸಿಂಗು ಮುಗಿಸಿ, ಜೇಬು ಹಗುರ ಮಾಡಿಕೊಂಡು ಹೊರಟ ಕಾರು ಎರಡು ಕಿಲೋಮೀಟರು ದಾಟುವಷ್ಟರಲ್ಲಿ ಮೀಟರಿನ ಪಕ್ಕ ಹಳದಿ ದೀಪವೊಂದು ಹೊತ್ತಿಕೊಳ್ಳುತ್ತದೆ. ಕುದುರೆ ಲಾಳದ ಆಕಾರ, ನಡುವೆ ಆಶ್ಚರ್ಯಸೂಚಕ ಚಿಹ್ನೆ. ಟೈರನ್ನು ಅಡ್ಡಕ್ಕೆ ಕೊಯ್ದರೆ ಕಾಣುವ ನೋಟವನ್ನೇ ಹಾಗೆ ಚಿತ್ರವಾಗಿಸಿದ್ದಾರೆ. ಮಾಲೀಕ ಕಾರು ತಿರುಗಿಸಿಕೊಂಡು ಅಂಗಡಿಗೆ ಬರುತ್ತಾನೆ. ಹುಡುಗ ಗೇಜು ಹಿಡಿದು ನೋಡುತ್ತಾನೆ, ನಾಲ್ಕರಲ್ಲೂ 33. "ಗಾಳಿ ಕರೆಕ್ಟಾಗಿದೆ ಸಾರ್, ಸೆನ್ಸರ್ದು ಏನೋ ಪ್ರಾಬ್ಲಂ. ಹಂಗೇ ಓಡಿಸ್ತಾ ಇರಿ, ತಾನಾಗೇ ಹೋಗತ್ತೆ."

ಕೆಲವು ಕಾರುಗಳ ಮಟ್ಟಿಗೆ ಈ ಮಾತು ನಿಜ. ಉಳಿದವುಗಳಲ್ಲಿ ಎಷ್ಟು ಓಡಿಸಿದರೂ ದೀಪ ಹೋಗುವುದಿಲ್ಲ.

ಟೈರಿನ ಗಾಳಿಯನ್ನು ಕಾರು ಎರಡು ರೀತಿಯಲ್ಲಿ ತಿಳಿಯುತ್ತದೆ. ಒಂದರಲ್ಲಿ ಚಕ್ರದೊಳಗೇ, ವಾಲ್ವಿನ ಬುಡಕ್ಕೆ ಅಂಟಿಕೊಂಡಂತೆ, ಪುಟ್ಟ ಸೆನ್ಸರ್ ಕೂತಿರುತ್ತದೆ. ಒತ್ತಡ ಅಳೆದು ರೇಡಿಯೊ ಅಲೆಯಲ್ಲಿ ಸುದ್ದಿ ಕಳಿಸುವುದು ಅದರ ಕೆಲಸ. ಡ್ಯಾಶ್‌ಬೋರ್ಡಿನಲ್ಲಿ ನಾಲ್ಕು ಚಕ್ರಕ್ಕೂ ಬೇರೆಬೇರೆ ಅಂಕಿ ತೋರಿಸುವ ಕಾರುಗಳು ಹೆಚ್ಚಾಗಿ ಈ ಬಗೆಯವು. ಇನ್ನೊಂದರಲ್ಲಿ ಟೈರಿನೊಳಗೆ ಏನೂ ಇರುವುದಿಲ್ಲ. ಎಬಿಎಸ್ ಬ್ರೇಕಿಗಾಗಿ ಪ್ರತಿ ಚಕ್ರದ ಬಳಿ ಮೊದಲೇ ಇರುವ ವೇಗದ ಸೆನ್ಸರನ್ನೇ ಕಾರು ನೆಚ್ಚಿಕೊಳ್ಳುತ್ತದೆ. ಗಾಳಿ ಇಳಿದ ಟೈರು ತುಸು ಕುಗ್ಗುತ್ತದೆ. ಕುಗ್ಗಿದ ಚಕ್ರ ಅದೇ ದೂರಕ್ಕೆ ಒಂದಿಷ್ಟು ಹೆಚ್ಚು ಸುತ್ತು ಹೊಡೆಯುತ್ತದೆ. ಆ ಹೆಚ್ಚುವರಿ ಸುತ್ತು ಕಂಡರೆ ದೀಪ ಹೊತ್ತುತ್ತದೆ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಲ್ಲಿ ಸಾಮಾನ್ಯವಾಗಿ ಇರುವುದು ಈ ಎರಡನೆಯ ಪದ್ಧತಿ.

ಇಲ್ಲೇ ಹೊಸ ಟೈರಿನ ತಕರಾರು ಶುರು. 205/60 ಆರ್16 ಅಳತೆಯ ಟೈರನ್ನು ತೆಗೆದುಕೊಳ್ಳಿ. ಅದರ ತ್ರಿಜ್ಯ ಸುಮಾರು 326 ಮಿಲಿಮೀಟರು. ಹೊಸದರಲ್ಲಿ ಮೇಲ್ಮೈಯ ಗೀರು ಎಂಟು ಮಿಲಿಮೀಟರಿನಷ್ಟು ಆಳವಿದ್ದು, ಸವೆದ ಹಳೆಯದರಲ್ಲಿ ಎರಡೇ ಉಳಿದಿದೆ ಎನ್ನೋಣ. ಅಲ್ಲಿಗೆ ಆರು ಮಿಲಿಮೀಟರು, ಶೇಕಡಾ ಎರಡಕ್ಕೆ ಹತ್ತಿರದ ವ್ಯತ್ಯಾಸ. ಗಾಳಿ ಕಾಲು ಭಾಗ ಇಳಿದಾಗ ಆಗುವ ಬದಲಾವಣೆ ಇದಕ್ಕಿಂತ ಎಷ್ಟೋ ಸಣ್ಣದು. ಅಂಥ ಸೂಕ್ಷ್ಮ ಲೆಕ್ಕಕ್ಕೆ ಕಿವಿಗೊಟ್ಟು ಕೂತ ಕಂಪ್ಯೂಟರಿಗೆ ಹಳೆಯ ಟೈರಿನ ನೆನಪು ಇನ್ನೂ ಹಾಗೇ ಇದೆ. ಮುಂದಿನ ಎರಡು ಮಾತ್ರ ಹೊಸದು, ಹಿಂದಿನವು ಹಳೆಯವು ಎಂದರಂತೂ ಹಿಂದಿನ ಜೋಡಿಯಲ್ಲಿ ಗಾಳಿ ಹೋಗಿದೆ ಎಂದೇ ಅದು ಭಾವಿಸಬಹುದು. ಇಂಥ ಕಾರಿನಲ್ಲಿ ಗಾಳಿ ಸರಿಮಾಡಿ, ಸ್ಕ್ರೀನಿನ ಮೆನುವಿನಲ್ಲೋ ಗುಂಡಿಯಲ್ಲೋ ಇರುವ 'ಸೆಟ್' ಒತ್ತಬೇಕು. ಆಮೇಲೆ ಕಾರು ಒಂದಷ್ಟು ದೂರ ಓಡಿ ಹೊಸ ಲೆಕ್ಕ ಕಲಿಯುತ್ತದೆ.

ಕ್ರಮ ಮಾತ್ರ ತಪ್ಪಬಾರದು, ಮೊದಲು ಗಾಳಿ, ಆಮೇಲೆ ಸೆಟ್. ಇಳಿದ ಗಾಳಿಯಲ್ಲೇ ಗುಂಡಿ ಒತ್ತಿದರೆ ಕಾರು ಅದನ್ನೇ ಸರಿ ಎಂದು ಕಲಿಯುತ್ತದೆ, ದೀಪವೂ ಆರುತ್ತದೆ. ಹೊತ್ತಿಕೊಂಡ ದೀಪಕ್ಕಿಂತ ಹೀಗೆ ಆರಿದ ದೀಪ ಹೆಚ್ಚು ಅಪಾಯ.

ಚಕ್ರದೊಳಗೆ ಸೆನ್ಸರ್ ಇರುವ ಕಾರಿನ ಕಥೆ ಬೇರೆ. ಟೈರು ಬಿಚ್ಚುವ ಯಂತ್ರದ ಬಳಿ ಐದು ನಿಮಿಷ ನಿಂತರೆ ಅದು ತಿಳಿಯುತ್ತದೆ. ಹುಡುಗ ಗಾಳಿ ಬಿಟ್ಟು, ಚಕ್ರವನ್ನು ಯಂತ್ರದ ಬದಿಗೆ ನಿಲ್ಲಿಸಿ ಪೆಡಲ್ ತುಳಿಯುತ್ತಾನೆ. ಗುದ್ದಲಿಯ ಬಾಯಂಥ ಉಕ್ಕಿನ ತೋಳೊಂದು ಟೈರಿನ ಪಕ್ಕೆಗೆ ಒತ್ತಿ, ರಿಮ್ಮಿಗೆ ಕಚ್ಚಿಕೊಂಡ ಅಂಚನ್ನು ಬಿಡಿಸುತ್ತದೆ. ಆ ತೋಳು ವಾಲ್ವಿನ ನೇರಕ್ಕೇ ಬಿದ್ದರೆ ಒಳಗಿನ ಪ್ಲಾಸ್ಟಿಕ್ ಡಬ್ಬಿ ಚೂರು. ಬಲ್ಲ ಕೆಲಸಗಾರ ವಾಲ್ವನ್ನು ದೂರ ತಿರುಗಿಸಿಕೊಂಡೇ ತುಳಿಯುತ್ತಾನೆ. ಬರೀ ಸಬ್ಬಲಿನಲ್ಲಿ ಮೀಟಿ ಬಿಚ್ಚುವ ಕಡೆ ಒಳಗೆ ಸೆನ್ಸರ್ ಇದೆ ಎಂದು ಬಾಯಿಬಿಟ್ಟು ಹೇಳದಿದ್ದರೆ ಕೆಟ್ಟಿತು. ಲೋಹದ ವಾಲ್ವಿದ್ದರೆ ಅದರ ರಬ್ಬರ್ ಸೀಲು, ನಟ್ಟು, ಒಳಗಿನ ಪಿನ್ನು ಸಹ ಟೈರಿನ ಜೊತೆಗೇ ಬದಲಾಗಬೇಕು. ಅಲ್ಯೂಮಿನಿಯಂ ವಾಲ್ವಿಗೆ ನಿಕಲ್ ಲೇಪದ ಪಿನ್ನಿನ ಬದಲು ಮಾಮೂಲಿ ಹಿತ್ತಾಳೆಯದನ್ನು ಹಾಕಿದರೆ ಎರಡೂ ಲೋಹ ತುಕ್ಕಿನಿಂದ ಕಚ್ಚಿಕೊಂಡು, ಮುಂದಿನ ಸಲ ಬಿಚ್ಚುವಾಗ ವಾಲ್ವೇ ಮುರಿಯಬಹುದು. ಉಳಿಸಿದ್ದು ಹತ್ತಿಪ್ಪತ್ತು ರೂಪಾಯಿ, ಕಳೆದದ್ದು ಇಡೀ ಸೆನ್ಸರ್.

ಪೆಟ್ಟೇನೂ ಬೀಳದಿದ್ದರೂ ದೀಪ ಬರಬಹುದು. ನಿಂತ ಚಕ್ರದ ಸೆನ್ಸರ್ ಬ್ಯಾಟರಿ ಉಳಿಸಲು ನಿದ್ದೆ ಹೋಗಿರುತ್ತದೆ, ಚಕ್ರ ಉರುಳಿದ ಮೇಲಷ್ಟೇ ಏಳುತ್ತದೆ. ಅಂಗಡಿಯ ಹುಡುಗನ ಮಾತು ನಿಜವಾಗುವುದು ಇಂಥ ಕಡೆ; ಹತ್ತಿಪ್ಪತ್ತು ನಿಮಿಷ ಓಡಿಸಿದರೆ ಅಂಕಿಗಳು ಮರಳುತ್ತವೆ. ಪ್ರತಿ ಸೆನ್ಸರಿಗೂ ಒಂದು ಗುರುತಿನ ಸಂಖ್ಯೆ ಇದೆ. ಹೊಸ ಸೆನ್ಸರ್ ಹಾಕಿಸಿದರೆ ಅದರ ಸಂಖ್ಯೆಯನ್ನು ಕಾರಿಗೆ ಪರಿಚಯಿಸಬೇಕು. ಕೆಲವು ಕಾರು ತಾನೇ ಕಲಿಯುತ್ತದೆ, ಕೆಲವಕ್ಕೆ ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಬೇಕು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತರಿಸಿದ ಸೆನ್ಸರು ಅಮೆರಿಕದ 315 ಮೆಗಾಹರ್ಟ್ಸಿನದಾಗಿ, ಕಾರು ಯುರೋಪಿನಂತೆ 433 ಕೇಳುವಂಥದ್ದಾದರೆ ಎಷ್ಟು ಓಡಿಸಿದರೂ ಇಬ್ಬರಿಗೂ ಮಾತುಕತೆ ಇಲ್ಲ. ಚಕ್ರಗಳನ್ನು ಹಿಂದೆಮುಂದೆ ಮಾಡಿಸಿದಾಗ ಇನ್ನೊಂದು ತಮಾಷೆ: ಹೊಸ ಜಾಗವನ್ನು ಗುರುತಿಸಿಕೊಳ್ಳದ ಕಾರು ಎಡ ಮುಂಭಾಗದ ಅಂಕಿಯನ್ನು ಹಿಂದಿನ ಚಕ್ರದ ಹೆಸರಲ್ಲಿ ತೋರಿಸುತ್ತದೆ, ಚಾಲಕ ಸರಿಯಿದ್ದ ಟೈರಿಗೆ ಗಾಳಿ ತುಂಬುತ್ತಾನೆ.

ದೀಪ ಹೇಗೆ ಹೊತ್ತಿತು ಎಂಬುದನ್ನೂ ಗಮನಿಸಬೇಕು. ಬಹುತೇಕ ಕಾರುಗಳಲ್ಲಿ ಎಂಜಿನ್ ಚಾಲೂ ಆದಾಗ ಅದು ನಿಮಿಷದಷ್ಟು ಹೊತ್ತು ಮಿಣುಕಿ ಆಮೇಲೆ ಸ್ಥಿರವಾದರೆ ವ್ಯವಸ್ಥೆಯಲ್ಲೇ ದೋಷ. ಸೆನ್ಸರ್ ಮುರಿದಿದೆ, ಇಲ್ಲವೇ ಪರಿಚಯ ತಪ್ಪಿದೆ. ಮಿಣುಕದೆ ನೇರ ಹೊತ್ತಿದರೆ ಗಾಳಿಯನ್ನೇ ಮೊದಲು ನೋಡಬೇಕು.

ಈ ದೀಪ ಕಾರಿಗೆ ಬಂದದ್ದರ ಹಿಂದೆ ಅಪಘಾತಗಳ ಸಾಲೇ ಇದೆ. 2000ದ ಆಗಸ್ಟಿನಲ್ಲಿ ಅಮೆರಿಕದಲ್ಲಿ ಫೈರ್‌ಸ್ಟೋನ್ ಕಂಪನಿ ಸುಮಾರು 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಯಿತು. ಓಡುವಾಗಲೇ ಟೈರಿನ ಮೇಲ್ಪದರ ಕಿತ್ತುಬಂದು ಫೋರ್ಡ್ ಎಕ್ಸ್‌ಪ್ಲೋರರ್ ಕಾರುಗಳು ಉರುಳಿದ್ದವು, ಇನ್ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಫೋರ್ಡ್ ಸೂಚಿಸಿದ್ದ ಗಾಳಿ 26 ಪಿಎಸ್ಐ. ಅದು ಸಾಲದು, 30 ಇರಬೇಕಿತ್ತು ಎಂದು ಟೈರು ಕಂಪನಿ ವಾದಿಸಿತು. ತಪ್ಪು ಯಾರದೆಂಬ ಜಗಳದ ನಡುವೆ ಅದೇ ವರ್ಷ ಕಾಯ್ದೆ ಬಂತು. 2007ರ ಸೆಪ್ಟೆಂಬರಿನಿಂದ ಅಲ್ಲಿ ತಯಾರಾಗುವ ಹಗುರ ವಾಹನಗಳಿಗೆಲ್ಲ ಈ ವ್ಯವಸ್ಥೆ ಕಡ್ಡಾಯವಾಯಿತು. ನಿಗದಿತ ಒತ್ತಡಕ್ಕಿಂತ ಶೇಕಡಾ 25ರಷ್ಟು ಇಳಿದರೆ ದೀಪ ಹೊತ್ತಲೇಬೇಕು. 33 ಇರಬೇಕಾದ ಟೈರು 28ಕ್ಕೆ ಇಳಿದರೂ ದೀಪ ಸುಮ್ಮನಿರಬಹುದು ಎಂದೂ ಇದಕ್ಕೆ ಅರ್ಥ.

ಭಾರತದಲ್ಲಿ ಇದಕ್ಕೆ ಬೇರೊಂದು ತೂಕ ಬಂದಿದೆ. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮ ತಿದ್ದಿ, ಟ್ಯೂಬ್‌ಲೆಸ್ ಟೈರು, ಪಂಕ್ಚರ್ ಕಿಟ್ಟು ಮತ್ತು ಗಾಳಿ ಎಚ್ಚರಿಕೆಯ ವ್ಯವಸ್ಥೆ ಇರುವ ಕಾರಿಗೆ ಸ್ಟೆಪ್ನಿ ಬೇಕಿಲ್ಲ ಎಂದಿತು. ಡಿಕ್ಕಿಯಲ್ಲಿ ಸ್ಟೆಪ್ನಿ ಇಲ್ಲದ ಕಾರಿನಲ್ಲಿ ಹಳದಿ ಲಾಳವನ್ನು ಕಡೆಗಣಿಸಿ ರಾತ್ರಿ ಶಿರಾಡಿ ಘಾಟಿ ಇಳಿಯುವುದು ಜಾಣತನವಲ್ಲ.

ಟೈರು ಹಾಕಿಸಿದ ಮಾರನೆಯ ಬೆಳಗ್ಗೆ ಗಾಳಿ ಮತ್ತೆ ನೋಡುವುದು ಒಳ್ಳೆಯದು. ಅಂಚು ರಿಮ್ಮಿಗೆ ಕೂರಲೆಂದು ಅಂಗಡಿಯಲ್ಲಿ ಹೆಚ್ಚು ಗಾಳಿ ತುಂಬಿ, ಇಳಿಸಲು ಮರೆಯುವುದುಂಟು. ಓಡಿ ಬಿಸಿಯಾದ ಟೈರೂ ಹೆಚ್ಚೇ ತೋರಿಸುತ್ತದೆ. ಆರು ಡಿಗ್ರಿ ಸೆಲ್ಸಿಯಸ್ ತಂಪಾದರೆ ಹೆಚ್ಚುಕಡಿಮೆ ಒಂದು ಪಿಎಸ್ಐ ಇಳಿಯುತ್ತದೆ. ಸುಡುಮಧ್ಯಾಹ್ನ ಬಂಕಿನಲ್ಲಿ ಅಳತೆಗೆ ಸರಿಯಾಗಿ ಹಿಡಿಸಿದ ಗಾಳಿ ಡಿಸೆಂಬರಿನ ಬೀದರಿನ ನಸುಕಿನಲ್ಲಿ ಮೂರು ಪಿಎಸ್ಐ ಕಮ್ಮಿ ತೋರಿಸಿದರೆ ಸೋರಿಕೆ ಹುಡುಕಬೇಕಿಲ್ಲ. ಸರಿಯಾದ ಅಂಕಿ ಚಾಲಕನ ಬಾಗಿಲು ತೆರೆದರೆ ಕಾಣುವ ಚೀಟಿಯಲ್ಲಿದೆ. ಟೈರಿನ ಪಕ್ಕೆಯಲ್ಲಿ ಬರೆದದ್ದು ಗರಿಷ್ಠ ಮಿತಿ, ಅಷ್ಟು ತುಂಬಿಸಬೇಕೆಂದಲ್ಲ.

ಇನ್ನು ಸೆನ್ಸರಿನ ಬ್ಯಾಟರಿ. ಐದರಿಂದ ಹತ್ತು ವರ್ಷ ಬರುತ್ತದೆ, ಬಹುಪಾಲು ಸೆನ್ಸರುಗಳಲ್ಲಿ ಅದನ್ನು ಬದಲಿಸಲಾಗದು, ಇಡೀ ಸೆನ್ಸರನ್ನೇ ಹೊಸದಾಗಿ ಹಾಕಬೇಕು. ಎರಡನೆಯ ಜೊತೆ ಟೈರು ಹಾಕಿಸುವ ಹೊತ್ತಿಗೆ ಮೊದಲ ಸೆನ್ಸರಿಗೆ ಏಳೆಂಟು ವರ್ಷ ಆಗಿದ್ದರೆ, ಟೈರು ಬಿಚ್ಚಿರುವಾಗಲೇ ಅದನ್ನೂ ಬದಲಿಸಬಹುದು. ಆರು ತಿಂಗಳು ಬಿಟ್ಟು ಅದು ಸತ್ತರೆ ಅದೇ ಟೈರನ್ನು ಮತ್ತೆ ಬಿಚ್ಚಿಸಿ, ಬ್ಯಾಲೆನ್ಸಿಂಗಿಗೆ ಇನ್ನೊಮ್ಮೆ ದುಡ್ಡು ಕೊಡಬೇಕಾಗುತ್ತದೆ.