ಸಂಘದ ಇಮೇಲ್ ಸ್ಪ್ಯಾಮ್‌ಗೆ ಹೋಗೋದು ಯಾಕೆ?

ಕಳೆದ ರಾಜ್ಯೋತ್ಸವಕ್ಕೆ ನಮ್ಮ ಸಂಘದಿಂದ ಸದಸ್ಯರಿಗೆಲ್ಲ ಇಮೇಲ್‌ನಲ್ಲಿ ಆಮಂತ್ರಣ ಕಳಿಸಿದ್ದೆವು. "ನಮಗೆ ಬಂದೇ ಇಲ್ಲ ಮಾರಾಯ್ರೆ" ಎಂದವರೇ ಜಾಸ್ತಿ. ಹುಡುಕಿದರೆ ಎಲ್ಲವೂ ಸ್ಪ್ಯಾಮ್‌ನಲ್ಲಿ! ಸಂಘದ್ದೇ ಡೊಮೈನ್, ಬಾಡಿಗೆಗೆ ಪಡೆದ ಪುಟ್ಟ ಸರ್ವರ್. ನಾವು ಮಾಡಿದ ತಪ್ಪಾದರೂ ಏನು?

ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಗಳು 1982ರವು. ಅಂಚೆ ಲಕೋಟೆಯ ಹಿಂದೆ 'ಇಂದ' ಎಂದು ಯಾರ ಹೆಸರನ್ನೂ ಬರೆಯಬಹುದಲ್ವಾ, ಇಲ್ಲೂ ಹಾಗೇ. ಯಾರು ಬೇಕಾದರೂ ಸರ್ವರ್ ಇಟ್ಟುಕೊಂಡು ಜಗತ್ತಿಗೆಲ್ಲ ಪತ್ರ ಕಳಿಸಬಹುದಿತ್ತು, ಯಾರ ಅಪ್ಪಣೆಯೂ ಬೇಕಿರಲಿಲ್ಲ. ಇದೇ ಬಾಗಿಲಿನಿಂದ ಕಳ್ಳರೂ ಬಂದರು. ದೊಡ್ಡ ಕಂಪನಿಯ ಎಚ್‌ಆರ್ ವಿಳಾಸ ಹಾಕಿದ ನಕಲಿ ಆಫರ್ ಲೆಟರ್, ಆಮೇಲೆ 'ವೀಸಾ ಫೀಸ್' ಕೇಳೋದು. ಗಲ್ಫ್‌ನಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆ ಮದ್ದಾಗಿ ಬಂದದ್ದು ಮೂರು. ನಮ್ಮ ಡೊಮೈನ್ ಪರವಾಗಿ ಯಾವ ಸರ್ವರ್‌ಗಳು ಇಮೇಲ್ ಕಳಿಸಬಹುದು ಎಂಬ ಬಹಿರಂಗ ಪಟ್ಟಿ ಎಸ್‌ಪಿಎಫ್. ಪ್ರತಿ ಪತ್ರದ ಮೇಲೆ ಬೀಳುವ ಡಿಜಿಟಲ್ ಮೊಹರು ಡಿಕೆಐಎಂ. ಇವೆರಡೂ ಕಳಿಸಿದವರ ವಿಳಾಸಕ್ಕೆ ತಾಳೆಯಾಗದಿದ್ದರೆ ಪತ್ರವನ್ನು ಬಿಡಬೇಕೋ, ಸ್ಪ್ಯಾಮ್‌ಗೆ ಹಾಕಬೇಕೋ, ತಿರಸ್ಕರಿಸಬೇಕೋ ಎಂದು ಹೇಳುವುದು ಡಿಮಾರ್ಕ್.

2024ರ ಫೆಬ್ರವರಿಯಿಂದ ಜಿಮೇಲ್, ಯಾಹೂ ಇದನ್ನು ಕಡ್ಡಾಯ ಮಾಡಿದವು. ಜಿಮೇಲ್‌ಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಮೂರೂ ಬೇಕು, ನಮ್ಮಂಥ ಸಣ್ಣವರಿಗೆ ಮೊದಲೆರಡರಲ್ಲಿ ಒಂದಾದರೂ ಬೇಕು. 2025ರ ಮೇ ತಿಂಗಳಿಂದ ಮೈಕ್ರೋಸಾಫ್ಟ್ ಕೂಡ ಔಟ್‌ಲುಕ್, ಹಾಟ್‌ಮೇಲ್‌ಗೆ ಹೆಚ್ಚು ಕಳಿಸುವವರಿಗೆ ಇದೇ ದಾರಿ ಹಿಡಿಯಿತು.

ನಮ್ಮಲ್ಲಿ ಒಂದೂ ಇರಲಿಲ್ಲ. ಒಪ್ಪಿದೆ, ಅದು ನಮ್ಮದೇ ತಪ್ಪು. ಆದರೆ ಮೂರನ್ನೂ ಸರಿಮಾಡಿದ ಮೇಲೂ ಅರ್ಧ ಪತ್ರಗಳು ಸ್ಪ್ಯಾಮ್‌ಗೇ ಹೋದವು. ಯಾಕೆಂದರೆ ಸರ್ವರ್‌ನ ಐಪಿ ವಿಳಾಸಕ್ಕೂ 'ಮರ್ಯಾದೆ'ಯ ಲೆಕ್ಕ ಇದೆ. ಹಿಂದೆ ಅದೇ ವಿಳಾಸ ಬಾಡಿಗೆಗೆ ಪಡೆದಿದ್ದವನು ಕಸ ಕಳಿಸಿದ್ದರೆ ಆ ಕಳಂಕ ನಮ್ಮ ತಲೆಗೆ. ದೂರು ಕೊಡೋಣ ಅಂದ್ರೆ ಮಾತಾಡಲು ಮನುಷ್ಯರೇ ಸಿಗಲ್ಲ. ಕೊನೆಗೆ ನಾವೂ ತಿಂಗಳ ಬಾಡಿಗೆ ಕೊಟ್ಟು ದೊಡ್ಡ ಕಂಪನಿಯ ಸರ್ವರ್ ಸೇರಿದೆವು. ಯಾರೂ ನಮಗೆ 'ಬೇಡ' ಅಂದಿರಲಿಲ್ಲ, ಆದರೂ ಸ್ವಂತ ಸರ್ವರ್ ಹೋಯ್ತು.

ಇನ್ನೊಂದು ಮಾತು. ಮೂರೂ ಪರೀಕ್ಷೆ ಪಾಸಾದ ಇಮೇಲ್ ಪ್ರಾಮಾಣಿಕ ಎಂದರ್ಥವಲ್ಲ. ಕಂಪನಿ ಹೆಸರಿಗೆ ಒಂದಕ್ಷರ ಸೇರಿಸಿ ಹೊಸ ಡೊಮೈನ್ ಕೊಂಡ ಕಳ್ಳನೂ ಪಾಸಾಗುತ್ತಾನೆ. ಆಫರ್ ಲೆಟರ್ ಬಂದರೆ ಕಂಪ್ಯೂಟರ್‌ನಲ್ಲಿ ಜಿಮೇಲ್ ತೆರೆದು, ಮೂರು ಚುಕ್ಕಿ ಒತ್ತಿ, 'ಶೋ ಒರಿಜಿನಲ್' ನೋಡಿ. ಡೊಮೈನನ್ನು ಅಕ್ಷರ ಅಕ್ಷರವಾಗಿ ಓದಿ. ಊರಿನಲ್ಲಿರುವ ತಮ್ಮನಿಗೆ ಏಜೆಂಟ್ ಮೂಲಕ ಕೆಲಸ ಬಂದಿದ್ದರೆ, ದುಡ್ಡು ಕೊಡುವ ಮೊದಲು ಭಾರತ ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ಆ ಏಜೆಂಟ್ ಹೆಸರಿದೆಯಾ ನೋಡಲು ಹೇಳಿ.