ನೆಲೆಯ ಆಯ್ಕೆ: ಬಯಲುಸೀಮೆಯ ಐದು ತಾಲ್ಲೂಕುಗಳ ಒಂದು ವಿವೇಚನೆ

ಒಂದು ಸಂಸಾರವು ಇಂಥ ಊರಿನಲ್ಲಿಯೇ ಏಕೆ ನೆಲಸಿತು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ‘ಹಿರಿಯರು ಇದ್ದ ಊರು’ ಎಂಬ ಉತ್ತರವೇ ದೊರೆಯುತ್ತದೆ. ಆದರೆ ಆ ಹಿರಿಯರಾದರೂ ಆ ಸ್ಥಳವನ್ನು ಯಾವ ಕಾರಣದಿಂದ ಆರಿಸಿಕೊಂಡರೆಂಬುದು ವಿಚಾರಮಾಡತಕ್ಕ ವಿಷಯ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನ ಹಡಗಲಿ ಮತ್ತು ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳು ಈ ಅಧ್ಯಯನಕ್ಕೆ ಅನುಕೂಲವಾದ ಕ್ಷೇತ್ರವಾಗಿವೆ. ಇವು ಇಂದು 2021ರಲ್ಲಿ ರಚಿತವಾದ ವಿಜಯನಗರ ಜಿಲ್ಲೆಗೆ ಸೇರಿವೆ.

ಮೊದಲನೆಯ ಕಾರಣವು ನೀರು. ತುಂಗಭದ್ರೆಯು ಹರಪನಹಳ್ಳಿ ಮತ್ತು ಹಡಗಲಿಗಳ ಅಂಚಿನಲ್ಲಿ ಹರಿಯುತ್ತದೆ; ಚಿಕ್ಕಹಗರಿಯು ಒಳನಾಡಿನ ಹೊಲಗಳ ನಡುವೆ ಸಾಗಿ ಅದನ್ನು ಕೂಡಿಕೊಳ್ಳುತ್ತದೆ. ಹಗರಿಬೊಮ್ಮನಹಳ್ಳಿಯ ಹೆಸರಿನಲ್ಲಿಯೇ ಆ ಹೊಳೆಯ ಹೆಸರು ಉಳಿದಿದೆ. ಹೊಳೆಯಿಂದ ದೂರವಾದ ಕಡೆಗಳಲ್ಲಿ, ಅದರಲ್ಲಿಯೂ ಕೂಡ್ಲಿಗಿಯ ಕೆಂಪುನೆಲದಲ್ಲಿ, ಜನರು ಕೆರೆಯನ್ನೂ ಬಾವಿಯನ್ನೂ ನಂಬಿ ಊರು ಕಟ್ಟಿದರು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯು ಇಂಥ ಹಳೆಯ ಊರಕೆರೆಗಳಲ್ಲಿ ಒಂದು. ಹಕ್ಕಿಗಳ ನೆಲೆಯಾಗಿರುವ ಆ ಕೆರೆಯು 2024ರಲ್ಲಿ ರಾಮ್‌ಸಾರ್ ಪಟ್ಟಿಗೆ ಸೇರಿತು.

ನೀರಿನ ಸಮೀಪದಲ್ಲಿ ವಾಸಿಸುವುದು ಎಲ್ಲ ಕಾಲಕ್ಕೂ ಸುರಕ್ಷಿತವೆಂದು ಭಾವಿಸಲಾಗದು. ಹೊಸಪೇಟೆಯ ಬಳಿ 1945ರಲ್ಲಿ ಅಸ್ತಿಭಾರ ಹಾಕಿದ ತುಂಗಭದ್ರಾ ಅಣೆಕಟ್ಟಿನಲ್ಲಿ 1953ರಲ್ಲಿ ನೀರು ನಿಂತಿತು. ಸಮುದ್ರಮಟ್ಟದಿಂದ 1,633 ಅಡಿ ಎತ್ತರದ ಪೂರ್ಣಮಟ್ಟದವರೆಗೆ ನೀರು ಏರುವ ಈ ಜಲಾಶಯದಲ್ಲಿ ಎರಡು ದಡಗಳ ಸುಮಾರು 90 ಹಳ್ಳಿಗಳು ಮುಳುಗಿದವು; ಐವತ್ತು ಸಾವಿರಕ್ಕೂ ಮಿಕ್ಕಿದ ಜನರು ನೆಲೆ ಕಳೆದುಕೊಂಡರು. ತನ್ನ ಹೆಸರಿನಲ್ಲಿಯೇ ಕೆರೆಯನ್ನು ಹೊತ್ತ ನಾರಾಯಣದೇವರಕೆರೆಯು ಈ ದೊಡ್ಡ ಕೆರೆಯೊಳಗೆ ಅಡಗಿತು. ಅಲ್ಲಿಯ ಜನರು ಮರಿಯಮ್ಮನಹಳ್ಳಿಯಲ್ಲಿ ನೆಲಸಿದರು. ತಮ್ಮ ಲಕ್ಷ್ಮೀನಾರಾಯಣ ಮತ್ತು ಆಂಜನೇಯ ದೇವರುಗಳನ್ನೂ ಸಂಗಡ ತಂದರು. ತೇರನ್ನು ಎಲ್ಲಿ ಎಳೆಯುವೆವೋ ಅದೇ ನಮ್ಮ ಊರೆಂಬ ಭಾವನೆಯು ನೆಲೆಯ ಆಯ್ಕೆಯಲ್ಲಿ ಕಡೆಗಣಿಸತಕ್ಕ ಅಂಶವಲ್ಲ.

ಇಲ್ಲಿ ವಿದ್ಯಾರ್ಥಿಗಳು ಒಂದು ಭೌಗೋಳಿಕ ಸತ್ಯವನ್ನು ಗಮನಿಸಬೇಕು. ಕಾಲುವೆಯ ನೀರು ತಾನಾಗಿ ಇಳಿಜಾರಿಗೆ ಮಾತ್ರ ಹರಿಯುತ್ತದೆ. ಅಣೆಕಟ್ಟಿನ ಕಾಲುವೆಗಳು ಕೆಳಗಿನ ಕೊಪ್ಪಳ, ರಾಯಚೂರು, ಬಳ್ಳಾರಿ ಮತ್ತು ಆಂಧ್ರದ ಹೊಲಗಳಿಗೆ ನೀರುಣಿಸಿದವು. ಅಣೆಕಟ್ಟಿನ ಮೇಲ್ಭಾಗದಲ್ಲಿರುವ ಈ ಸೀಮೆಯವರಾದರೋ ಹೊಲವನ್ನು ಕೊಟ್ಟರೂ ಕಾಲುವೆಯನ್ನು ಪಡೆಯಲಾರದಾದರು. ಹಿನ್ನೀರು ಕಣ್ಣೆದುರಿಗಿದ್ದರೂ ಅದನ್ನು ಯಂತ್ರದಿಂದ ಎತ್ತಿದಲ್ಲದೆ ಹೊಲಕ್ಕೆ ಬಾರದು. ಆದುದರಿಂದ ದಡದಲ್ಲಿಯೇ ಉಳಿಯಬೇಕೆ, ಒಳನಾಡಿನ ಮಳೆಯಾಶ್ರಯದ ನೆಲಕ್ಕೆ ಹೋಗಬೇಕೆ ಎಂಬ ಪ್ರಶ್ನೆಯು ಕಠಿಣವಾಯಿತು. ದಡದಲ್ಲಿದ್ದವರಿಗೆ ಮೀನುಗಾರಿಕೆಯೂ, ಬೇಸಿಗೆಯಲ್ಲಿ ನೀರು ಸರಿದಾಗ ತೆರೆದುಕೊಳ್ಳುವ ನೆಲವೂ ಒದಗಬಹುದು. ಆದರೆ ಮಳೆಗಾಲ ಬಂದೊಡನೆ ಆ ನೆಲವು ಮತ್ತೆ ನೀರಿನದೇ.

ಎರಡನೆಯ ಕಾರಣವು ದಾರಿ. ಹೊಸಪೇಟೆಯಿಂದ ಮರಿಯಮ್ಮನಹಳ್ಳಿ, ಹಗರಿಬೊಮ್ಮನಹಳ್ಳಿಗಳ ಮೂಲಕ ಕೊಟ್ಟೂರಿಗೆ ಬಂದು ನಿಲ್ಲುತ್ತಿದ್ದ ರೈಲುಹಳಿಯು ಈಗ ಹರಪನಹಳ್ಳಿಯ ಮಾರ್ಗವಾಗಿ ಹರಿಹರವನ್ನು ಮುಟ್ಟುತ್ತದೆ. ಹಡಗಲಿಯ ಮಲ್ಲಿಗೆಯಂಥ ಬೆಳೆಗೆ ದಾರಿಯ ಬೆಲೆ ಇನ್ನೂ ಹೆಚ್ಚು. ಜೋಳವನ್ನು ಕೂಡಿಡಬಹುದು, ಮೊಗ್ಗು ಅರಳುವ ಮೊದಲೇ ಪೇಟೆಯನ್ನು ಸೇರಬೇಕು. ಆದುದರಿಂದ ಹೂವಿನ ತೋಟದವನಿಗೆ ಬಾವಿಯಷ್ಟೇ ಬಸ್ಸಿನ ದಾರಿಯೂ ಅಗತ್ಯ.

ದಾರಿಯು ಜನರನ್ನು ಕರೆದುಕೊಂಡೂ ಹೋಗುತ್ತದೆ. ಹಿಂದೆ 13ನೆಯ ಸಂಖ್ಯೆಯನ್ನು ಪಡೆದಿದ್ದ ರಾಷ್ಟ್ರೀಯ ಹೆದ್ದಾರಿಯು ಸೊಲ್ಲಾಪುರದಿಂದ ಹೊಸಪೇಟೆ, ಕೂಡ್ಲಿಗಿ, ಚಿತ್ರದುರ್ಗ, ಶಿವಮೊಗ್ಗಗಳನ್ನು ಹಾದು ಕರಾವಳಿಯ ಮಂಗಳೂರನ್ನು ಸೇರುತ್ತಿತ್ತು. ಮಳೆ ಕೈಕೊಟ್ಟ ವರ್ಷ ಈ ಸೀಮೆಯ ಕೂಲಿಕಾರರು ಮಲೆನಾಡಿನ ಕಾಫಿತೋಟಗಳಿಗೂ, ಮಂಗಳೂರು, ಬೆಂಗಳೂರುಗಳ ಕಟ್ಟಡದ ಕೆಲಸಕ್ಕೂ ಗುಳೆ ಹೋಗುತ್ತಾರೆ. ಅಲ್ಲಿ ಅವರ ಆಯ್ಕೆಯು ಕೆಲಸದ ಸ್ಥಳಕ್ಕೆ ನಡೆದು ಹೋಗುವಷ್ಟು ಸಮೀಪ, ಬಾಡಿಗೆಯು ಕೂಲಿಗೆ ಎಟಕುವಷ್ಟು ಕಡಮೆ ಎಂಬ ಎರಡು ಮಾತುಗಳಲ್ಲಿ ಮುಗಿಯುತ್ತದೆ. ಊರಿನ ಮನೆಯಲ್ಲಿ ಮುದುಕರು ಉಳಿಯುತ್ತಾರೆ. ಮಕ್ಕಳ ಶಾಲೆಯ ಗತಿಯೇನೆಂಬುದೇ ಇಲ್ಲಿಯ ಗಂಭೀರ ಪ್ರಶ್ನೆ.

ಮೂರನೆಯ ಕಾರಣವು ಆಡಳಿತ. ಹರಪನಹಳ್ಳಿಯು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಮರಳಿ ಬಳ್ಳಾರಿಗೆ ಬಂದಿತು. ಈ ನಡುವೆ ಸಂವಿಧಾನದ 371ಜೆ ವಿಧಿಯು ಬಳ್ಳಾರಿಯೇ ಮೊದಲಾದ ಜಿಲ್ಲೆಗಳವರಿಗೆ ಶಿಕ್ಷಣದಲ್ಲಿಯೂ ಸರ್ಕಾರಿ ಉದ್ಯೋಗದಲ್ಲಿಯೂ ಮೀಸಲಾತಿಯನ್ನು ಒದಗಿಸಿತು. ಮನೆಯು ಇದ್ದಲ್ಲಿಯೇ ಇದ್ದರೂ ಗಡಿಯು ಸರಿದರೆ ಮಗನ ಕಾಲೇಜು, ಮಗಳ ಉದ್ಯೋಗಗಳ ಅವಕಾಶವು ಬದಲಾಗುತ್ತದೆ. ಕೂಡ್ಲಿಗಿಯ ಭಾಗವಾಗಿದ್ದ ಕೊಟ್ಟೂರು ತಾಲ್ಲೂಕಿನ ಕೇಂದ್ರವಾದುದರಿಂದ ಸುತ್ತಣ ಹಳ್ಳಿಗಳವರಿಗೆ ಕಚೇರಿಯು ಹತ್ತಿರವಾಯಿತು.

ಮೇಲ್ಕಂಡ ವಿವೇಚನೆಯಿಂದ ಒಂದು ನಿರ್ಣಯಕ್ಕೆ ಬರಬಹುದು. ಹಿಂದಿನವರು ನೀರನ್ನು ನೋಡಿ ನೆಲೆಯನ್ನು ಆರಿಸಿದರು. ಇಂದಿನವರು ನೀರಿನೊಡನೆ ದಾರಿ, ಶಾಲೆ, ಕಚೇರಿಗಳನ್ನೂ ತೂಗಿ ನೋಡುತ್ತಾರೆ. ಆದರೆ ಆಯ್ಕೆ ಎಂಬ ಮಾತನ್ನು ಎಚ್ಚರದಿಂದ ಬಳಸಬೇಕು. ಕೈಯಲ್ಲಿ ಹಣವೂ ಕಾಲಾವಕಾಶವೂ ಇದ್ದವನು ಆರಿಸಿಕೊಳ್ಳುತ್ತಾನೆ. ನೀರು ಅಂಗಳಕ್ಕೆ ಬಂದವನು ಸಿಕ್ಕಿದಲ್ಲಿ ನಿಲ್ಲುತ್ತಾನೆ. ಮುಂದೆ ಎಲ್ಲಿಯಾದರೂ ಊರನ್ನು ಎಬ್ಬಿಸಬೇಕಾಗಿ ಬಂದರೆ, ಹೊಸ ನಿವೇಶನದಲ್ಲಿ ಬೇಸಿಗೆಗೆ ಕುಡಿಯುವ ನೀರುಂಟೆ, ಹೊಲವು ನಡೆದು ಹೋಗುವಷ್ಟು ಹತ್ತಿರವೆ, ಮಳೆಗಾಲದಲ್ಲಿ ದಾರಿ ಉಳಿಯುವುದೆ, ಶಾಲೆ ಎಷ್ಟು ದೂರ ಎಂಬ ಪ್ರಶ್ನೆಗಳನ್ನು ನಕ್ಷೆ ಬರೆಯುವ ಮೊದಲೇ ಅಲ್ಲಿಗೆ ಹೋಗಿ ಬಾಳಬೇಕಾದವರ ಮುಂದೆ ಇಡುವುದು ಯುಕ್ತ. ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಲ್ಲಿ ಹಿರಿಯರನ್ನು ಕೇಳಿ, ಯಾರು ಯಾವ ಕಾರಣದಿಂದ ಅಲ್ಲಿ ನೆಲಸಿದರೆಂಬುದನ್ನು ಬರೆದಿಟ್ಟರೆ ಈ ವಿಷಯದ ಅಧ್ಯಯನಕ್ಕೆ ಉಪಕಾರವಾಗುವುದು.